ತಪ್ಪು ಹೆಗಲ ಮೇಲೆ ಕೂತ ಮೊಲ: ಒಂದು ಚೀನೀ ನಿಲುವಂಗಿಯ ಪ್ರಕರಣ

ಉತ್ತರ ಅಮೆರಿಕದ ಒಂದು ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ನಾನು ಕೆಲವು ವರ್ಷ ಸಂಗ್ರಹ ನೋಡಿಕೊಳ್ಳುವ ಕೆಲಸ ಮಾಡಿದೆ. ಅಲ್ಲಿನ ಚೀನೀ ಕಲೆಯ ವಿಭಾಗದಲ್ಲಿ ನಡೆದ ಪ್ರಕರಣ ಇದು. ಊರು, ದಾನಿಯ ಮನೆತನ, ಅದು ನಡೆದ ವರ್ಷ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗದಿರಲಿ ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಹಳೆಯ ಬಟ್ಟೆ ನೋಡಿಕೊಳ್ಳುವವರು ನಮ್ಮ ಕಡೆಯೂ ಇದ್ದಾರೆ, ಮ್ಯೂಸಿಯಂಗಳಲ್ಲಿ, ಮಠಗಳಲ್ಲಿ, ದೊಡ್ಡ ಮನೆಗಳ ಪೆಟ್ಟಿಗೆಗಳ ಮುಂದೆ. ಅವರಿಗೆ ಕೆಲಸಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ಹಿನ್ನೆಲೆ

ಸಂಗ್ರಹ ತುಂಬ ದೊಡ್ಡದಲ್ಲ. ಚಿತ್ರಸುರುಳಿಗಳು, ಪಿಂಗಾಣಿ, ಒಂದಿಷ್ಟು ಜೇಡ್ ಕಲ್ಲಿನ ಕೆತ್ತನೆ. ಆದರೆ ಹೆಸರು ತಂದದ್ದು ಚಿಂಗ್ ಅರಸರ ಕಾಲದ (1644–1912) ದರ್ಬಾರಿನ ಉಡುಪುಗಳು. ಹೆಚ್ಚಿನವು ಒಂದೇ ಮನೆತನದಿಂದ ಬಂದವು. ಆ ಮನೆಯ ಅಜ್ಜ, ಅಜ್ಜಿ 1920ರ ದಶಕದಲ್ಲಿ ಪೀಕಿಂಗ್‌ನಲ್ಲಿ (ಈಗಿನ ಬೀಜಿಂಗ್) ವಾಸವಿದ್ದವರು.

ಆ ಕಾಲ ಹೇಗಿತ್ತು ಅನ್ನುವುದು ಇಲ್ಲಿ ಮುಖ್ಯ. 1912ರಲ್ಲಿ ಕೊನೆಯ ಚಕ್ರವರ್ತಿ ಪು ಯಿ ಗದ್ದುಗೆ ಬಿಟ್ಟ. ದರ್ಬಾರೇ ಇಲ್ಲ ಅಂದಮೇಲೆ ದರ್ಬಾರಿನ ಬಟ್ಟೆ ಯಾರಿಗೆ ಬೇಕು? ಅಧಿಕಾರಿಗಳ ಮನೆಯವರು ಪೆಟ್ಟಿಗೆ ಖಾಲಿ ಮಾಡತೊಡಗಿದರು. ಕೊಂಡವರಲ್ಲಿ ವಿದೇಶಿಯರು ಬಹಳ. ಗೋಡೆಗೆ ತೂಗುಹಾಕಿದರು, ಪಿಯಾನೊ ಮೇಲೆ ಹಾಸಿದರು, ಕತ್ತರಿಸಿ ದಿಂಬಿನ ಕವರ್ ಮಾಡಿದರು, ಪಾರ್ಟಿಗೆ ಕೋಟಿನ ಹಾಗೆ ತೊಟ್ಟುಕೊಂಡು ಹೋದರು.

ನಮ್ಮ ಸಂಗ್ರಹದ ರಾಜ ಒಂದು ಕಡು ನೀಲಿ ರೇಷ್ಮೆ ನಿಲುವಂಗಿ. ಮೈತುಂಬ ಜರಿಯ ಡ್ರ್ಯಾಗನ್‌ಗಳು, ಒಟ್ಟು ಒಂಬತ್ತು. ಎಂಟು ಕಣ್ಣಿಗೆ ಕಾಣುತ್ತವೆ, ಒಂಬತ್ತನೆಯದು ಎದೆಯ ಮೇಲೆ ಮಡಚಿಕೊಳ್ಳುವ ಪದರದ ಅಡಿಯಲ್ಲಿ ಅಡಗಿರುತ್ತದೆ. ಅಂಚಿನಲ್ಲಿ ಓರೆಯಾಗಿ ಬಣ್ಣಬಣ್ಣದ ಪಟ್ಟೆಗಳು. ಅದು ನೀರು, ಚೀನೀ ಭಾಷೆಯಲ್ಲಿ 'ಲಿಶುಯಿ', ನೆಟ್ಟಗೆ ಎದ್ದು ನಿಂತ ನೀರು. ತೋಳಿನ ತುದಿ ಕುದುರೆಯ ಗೊರಸಿನ ಆಕಾರ. ಇವೆಲ್ಲ ಅನೇಕ ನಿಲುವಂಗಿಗಳಲ್ಲಿ ಇರುವಂಥವೇ. ಇದರ ಬೆಲೆ ಏರಿಸಿದ್ದು ಡ್ರ್ಯಾಗನ್‌ಗಳ ನಡುವೆ ಚಿಕ್ಕದಾಗಿ ಕೂತ ಹನ್ನೆರಡು ಚಿಹ್ನೆಗಳು. ಸೂರ್ಯ, ಚಂದ್ರ, ನಕ್ಷತ್ರ, ಬೆಟ್ಟ, ಜೋಡಿ ಡ್ರ್ಯಾಗನ್, ಬಣ್ಣದ ಹಕ್ಕಿ, ಕೊಡಲಿ, ಬೆನ್ನಿಗೆ ಬೆನ್ನು ಕೊಟ್ಟಂಥ ಒಂದು ಗುರುತು, ಪೂಜೆಯ ಬಟ್ಟಲು, ನೀರಿನ ಸಸ್ಯ, ಬೆಂಕಿ, ಧಾನ್ಯ. ಚಿಯೆನ್‌ಲುಂಗ್ ಚಕ್ರವರ್ತಿಯ ಕಾಲದಲ್ಲಿ, 1759ರಲ್ಲಿ, ಯಾರು ಏನು ತೊಡಬೇಕು ಅಂತ ಚಿತ್ರಸಹಿತ ನಿಯಮ ಮಾಡಿದರು. 1766ರಲ್ಲಿ ಅದು ಅಚ್ಚಾಯಿತು. ಹನ್ನೆರಡೂ ಚಿಹ್ನೆ ಸೇರಿ ಬರುವುದು ಚಕ್ರವರ್ತಿಗೆ ಮೀಸಲು.

ಕ್ಯಾಟಲಾಗ್‌ನಲ್ಲಿ ಹೀಗೆ ಬರೆದಿತ್ತು: 'ಚಕ್ರವರ್ತಿಯ ನಿಲುವಂಗಿ. ಸ್ವರ್ಗ ದೇಗುಲದ ಪೂಜೆಗೆ ತೊಟ್ಟದ್ದು.' ಮಾತಿಗೆ ಆಧಾರ ಮನೆಯವರ ಒಂದು ಪತ್ರ. ಚಕ್ರವರ್ತಿಯ ಬಣ್ಣ ಹಳದಿ ನಿಜ. ಆದರೆ ಸ್ವರ್ಗದ ಪೂಜೆಗೆ ನೀಲಿ ತೊಡುವ ರೂಢಿ ಇತ್ತು. ಹಾಗಾಗಿ ಕಥೆ ಸರಿಯಾಗಿ ಹೊಂದುತ್ತಿತ್ತು, ಯಾರೂ ಪ್ರಶ್ನೆ ಮಾಡಿರಲಿಲ್ಲ.

ಅದೇ ಬೀರುವಿನ ಕೆಳಗಿನ ಡ್ರಾಯರ್‌ನಲ್ಲಿ ಇನ್ನೊಂದು ಇತ್ತು. ಅದರ ಚೀಟಿ: 'ಡ್ರ್ಯಾಗನ್ ನಿಲುವಂಗಿ. ಕತ್ತರಿಸಿ ಹಾಳುಮಾಡಲಾಗಿದೆ. ಪ್ರದರ್ಶನಕ್ಕೆ ಬೇಡ.' ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ತೊಡಕು ಶುರುವಾದದ್ದು

ಸಂಗ್ರಹದ ವಾರ್ಷಿಕೋತ್ಸವಕ್ಕೆ ದೊಡ್ಡ ಪ್ರದರ್ಶನ ಮಾಡುವುದೆಂದಾಯಿತು. ಪೋಸ್ಟರ್ ಮೇಲೆ ನೀಲಿ ನಿಲುವಂಗಿಯೇ ಬರಬೇಕು ಅಂತ ತೀರ್ಮಾನವೂ ಆಯಿತು. ಅದಕ್ಕೆ ಮೊದಲು ಬಟ್ಟೆಯ ಸ್ಥಿತಿ ನೋಡಬೇಕಿತ್ತು.

ಸ್ಥಿತಿ ಚೆನ್ನಾಗಿರಲಿಲ್ಲ. ದಾನಿಯ ಮನೆಯಲ್ಲಿ ಅದು ಬಹಳ ಕಾಲ ಹ್ಯಾಂಗರ್‌ಗೆ ತೂಗಿತ್ತು. ಜರಿಯ ಭಾರವೆಲ್ಲ ಹೆಗಲ ಮೇಲೆ ಬಿದ್ದು ರೇಷ್ಮೆ ಅಲ್ಲಲ್ಲಿ ಸೀಳಿತ್ತು. ಒಂದು ಮಾತು ಇಲ್ಲಿ ಹೇಳಬೇಕು. ನಮ್ಮ ರೇಷ್ಮೆ ಸೀರೆಯ ಜರಿ ಲೋಹದ ತಂತಿಯದ್ದು. ಚೀನೀ ಜರಿ ಹಾಗಲ್ಲ. ಕಾಗದದ ಮೇಲೆ ಚಿನ್ನದ ಹಾಳೆ ಅಂಟಿಸಿ, ಅದನ್ನು ಸಣ್ಣ ಪಟ್ಟಿಯಾಗಿ ಕತ್ತರಿಸಿ, ರೇಷ್ಮೆ ಎಳೆಗೆ ಸುತ್ತುತ್ತಾರೆ. ಬಟ್ಟೆಯೊಳಗೆ ತೂರಿಸುವುದಿಲ್ಲ, ಮೇಲೆ ಮಲಗಿಸಿ ಇನ್ನೊಂದು ಎಳೆಯಿಂದ ಕಟ್ಟುತ್ತಾರೆ. ನೀರು ತಾಕಿದರೆ ಕತೆ ಮುಗಿಯಿತು. ಬಟ್ಟೆ ಕೊಳಕಾಗಿದೆ ಅಂತ ತೊಳೆಯುವ ಯೋಚನೆಯೇ ಬರಕೂಡದು.

ತಪಾಸಣೆಗೆ ಕಲಾ ಇತಿಹಾಸದ ಕೆಲವು ವಿದ್ಯಾರ್ಥಿಗಳನ್ನೂ ಕರೆದಿದ್ದೆವು. ವಿಶ್ವವಿದ್ಯಾಲಯದ ಸಂಗ್ರಹ ಅಂದರೆ ಅದೇ ಅಲ್ವಾ? ಪಾಠಕ್ಕಾಗಿ ಇರುವುದು. ಅವರಲ್ಲಿ ಒಬ್ಬಳಿಗೆ ಕೊಟ್ಟ ಕೆಲಸ ಸುಲಭದ್ದು, ಚಿಹ್ನೆಗಳು ಎಲ್ಲೆಲ್ಲಿವೆ ಅಂತ ನಕ್ಷೆ ಬರೆಯುವುದು. ಬಟ್ಟೆ ಮೇಜಿನ ಮೇಲೆ ಚಪ್ಪಟೆ ಮಲಗಿತ್ತು. ಅವಳು ಬಟ್ಟೆ ಬರೆಯಲಿಲ್ಲ, ಬಟ್ಟೆ ತೊಟ್ಟ ಮನುಷ್ಯನನ್ನು ಬರೆದಳು. ಬರೆಯುತ್ತ ನಿಂತುಬಿಟ್ಟಳು. "ಮೊಲ ತಪ್ಪು ಕಡೆ ಇದೆ" ಅಂದಳು.

ಚಂದ್ರನಲ್ಲಿ ಮೊಲ ಇದೆ ಅನ್ನುವುದು ನಮಗೂ ಗೊತ್ತು, ಚೀನೀಯರಿಗೂ ಗೊತ್ತು. ಅವರ ಮೊಲ ಸುಮ್ನೆ ಕೂತಿರುವುದಿಲ್ಲ, ಒರಳಲ್ಲಿ ಅಮೃತದ ಮದ್ದು ಕುಟ್ಟುತ್ತಿರುತ್ತದೆ. ಆ ಚಂದ್ರ ತೊಟ್ಟವನ ಬಲ ಹೆಗಲ ಮೇಲೆ ಇರಬೇಕು. ಮೂರು ಕಾಲಿನ ಹಕ್ಕಿ ಇರುವ ಸೂರ್ಯ ಎಡ ಹೆಗಲ ಮೇಲೆ. ನಮ್ಮದರಲ್ಲಿ ಅದಲುಬದಲು. ತೊಡುವವನ ಎಡಬಲ ಮರೆತು, ಎದುರಿಗೆ ನಿಂತು ನೋಡುವವನ ಎಡಬಲಕ್ಕೆ ಹೊಲಿದ ಹಾಗಿತ್ತು. ಚಕ್ರವರ್ತಿಗೆ ಹೊಲಿಯುವ ಕಾರ್ಖಾನೆಯಲ್ಲಿ ಇಂಥ ತಪ್ಪು ನಡೆದೀತೇ?

ಆಮೇಲೆ ಕಣ್ಣಿಗೆ ಬಿದ್ದದ್ದೆಲ್ಲ ಅನುಮಾನವೇ. ಅರಸು ಮನೆತನದ ಗಂಡಸರ ನಿಲುವಂಗಿಗೆ ಸಾಮಾನ್ಯವಾಗಿ ನಾಲ್ಕು ಕಡೆ ಸೀಳು ಇರುತ್ತದೆ. ಉಳಿದ ಅಧಿಕಾರಿಗಳದಕ್ಕೆ ಕುದುರೆ ಏರಲು ಅನುಕೂಲವಾಗುವ ಹಾಗೆ ಹಿಂದೆ ಒಂದು, ಮುಂದೆ ಒಂದು. ಹೆಂಗಸರದಕ್ಕೆ ಪಕ್ಕಗಳಲ್ಲಿ. ನಮ್ಮದಕ್ಕೆ ಇದ್ದದ್ದು ಹಿಂದೆ ಮುಂದೆ ಎರಡೇ. ಇನ್ನೊಂದು, ದೊಡ್ಡ ಪೂಜೆಗಳಿಗೆ ತೊಡುವ ಉಡುಪು 'ಚಾವ್‌ಫು', ಸೊಂಟದಿಂದ ಕೆಳಗೆ ನೆರಿಗೆ ಹಿಡಿದದ್ದು. ನಮ್ಮದು 'ಜಿಫು', ಹಬ್ಬ, ಔತಣಗಳಿಗೆ ತೊಡುವಂಥದ್ದು. ಸ್ವರ್ಗ ದೇಗುಲದ ಕಥೆ ಅಲ್ಲೇ ಕುಸಿಯಿತು. ಅಂಚಿನ ನೀರಿನ ಪಟ್ಟೆ ಬಹಳ ಎತ್ತರ, ಅದು 19ನೇ ಶತಮಾನದ ಕೊನೆಯ ಭಾಗದ ಶೈಲಿ. ಡ್ರ್ಯಾಗನ್‌ಗೆ ಐದು ಉಗುರು ಇದೆಯಲ್ಲ, ಅದು ಅರಸು ಮನೆತನದ ಗುರುತಲ್ಲವೇ ಅಂತ ಯಾರೋ ವಾದಿಸಿದರು. ಆ ಹೊತ್ತಿಗೆ ಐದು ಉಗುರು ಸಿಕ್ಕಸಿಕ್ಕವರ ಬಟ್ಟೆಗೂ ಬಂದಿತ್ತು, ನಿಯಮ ಕೇಳುವವರು ಯಾರೂ ಇರಲಿಲ್ಲ.

ನಮ್ಮ ಊಹೆ ಇಷ್ಟು. ಯಾರೋ ಅಧಿಕಾರಿಯ ಒಳ್ಳೆಯ ನಿಲುವಂಗಿಗೆ ಆಮೇಲೆ ಹನ್ನೆರಡು ಚಿಹ್ನೆ ಸೇರಿಸಿ ಮಾರಿದ್ದಾರೆ. ಇಂಥದ್ದು ಆ ಕಾಲದ ವ್ಯಾಪಾರದಲ್ಲಿ ನಡೆಯುತ್ತಿತ್ತು. ಚಕ್ರವರ್ತಿಯ ಬಟ್ಟೆ ಅಂದರೆ ಕಾಸು ಜಾಸ್ತಿ.

ಮೊದಲ ತಪ್ಪು ನಮ್ಮದೇ

ಇಲ್ಲಿ ನಾವು ಒಂದು ತಪ್ಪು ಮಾಡಿದೆವು. ಯಾರಿಗೂ ಹೇಳದೆ ಆನ್‌ಲೈನ್ ಕ್ಯಾಟಲಾಗ್‌ನಲ್ಲಿ 'ಚಕ್ರವರ್ತಿಯ' ಅನ್ನುವ ಪದ ತೆಗೆದೆವು. 'ಚಿಹ್ನೆಗಳು ನಂತರದವು ಇರಬಹುದು' ಅಂತ ಸೇರಿಸಿದೆವು. ಬದಲಿಸಿದವಳು ನಾನೇ. ಸತ್ಯ ಬರೆದರೆ ಯಾರು ಬೇಡ ಅನ್ನುತ್ತಾರೆ ಅನ್ನುವ ಧೈರ್ಯ.

ಎರಡೇ ವಾರದಲ್ಲಿ ದಾನಿಯ ಮಗಳ ಫೋನ್ ಬಂತು. ಎಂಬತ್ತು ದಾಟಿದವರು. ಸಿಟ್ಟಿರಲಿಲ್ಲ, ಅದೇ ಕಷ್ಟ. "ನಮ್ಮ ಅಜ್ಜಿ ಸುಳ್ಳು ಹೇಳಿದಳು ಅಂತ ನಿಮ್ಮ ಅರ್ಥವಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾವು ಒಂದು ಬಟ್ಟೆಯ ವಯಸ್ಸು ಸರಿ ಮಾಡುತ್ತಿದ್ದೇವೆ ಅಂದುಕೊಂಡಿದ್ದೆವು. ಅವರಿಗೆ ಅದು ಅಜ್ಜಿಯ ಮಾತು.

ಹಿರಿಯ ಕ್ಯುರೇಟರ್ ಮರುದಿನ ಮೂರು ತೀರ್ಮಾನ ತಗೊಂಡರು. ಹೊಸ ಸಾಲನ್ನು ಸದ್ಯಕ್ಕೆ ತೆಗೆಯುವುದು, ಆದರೆ ಹಳೆಯ ಸಾಲನ್ನೂ ಮತ್ತೆ ಹಾಕದೆ 'ಪರಿಶೀಲನೆಯಲ್ಲಿದೆ' ಅಂತ ಬರೆಯುವುದು. ಪೋಸ್ಟರ್ ನಿಲ್ಲಿಸುವುದು. ಮುಂದಿನ ಪ್ರತಿ ಹೆಜ್ಜೆ ಮನೆಯವರಿಗೆ ಮೊದಲೇ ತಿಳಿಸುವುದು. ಪೋಸ್ಟರ್ ನಿಲ್ಲಿಸಿದ್ದಕ್ಕೆ ಪ್ರಚಾರ ವಿಭಾಗದವರು ಮುಖ ಊದಿಸಿಕೊಂಡರು, ಇರಲಿ.

ಒಳಗಿನಿಂದ ನೋಡಿದ್ದು

ಸಮಿತಿಯಲ್ಲಿ ಒಬ್ಬರು ಚಿಹ್ನೆಗಳನ್ನು ಬಿಚ್ಚಿಬಿಡೋಣ ಅಂದರು. ಮೂಲ ರೂಪಕ್ಕೆ ತರೋಣ ಅನ್ನುವ ಆಸೆ. ಇನ್ನೊಬ್ಬರಿಗೆ ಲೈನಿಂಗ್ ಪೂರ್ತಿ ಬಿಚ್ಚಿ ನೋಡುವ ಆಸೆ. ಬಟ್ಟೆ ಸಂರಕ್ಷಕಿ ಎರಡಕ್ಕೂ ಒಪ್ಪಲಿಲ್ಲ. ಹೊಲಿಗೆ ಬಿಚ್ಚಿದರೆ ಸೂಜಿಯ ತೂತು ಉಳಿಯುತ್ತದೆ, ಒಂದೊಂದು ತೂತೂ ಹಳೆ ರೇಷ್ಮೆಗೆ ಗಾಯ. ಅದಕ್ಕಿಂತ ಮುಖ್ಯವಾಗಿ, ಸೇರಿಸಿದ ಚಿಹ್ನೆಯೂ ಈಗ ನೂರು ವರ್ಷದ ಹಳೆಯದು. ಬಿಚ್ಚಿದ್ದನ್ನು ಮತ್ತೆ ಅದೇ ಎಳೆಯಿಂದ ಹಾಕಲು ಬರುವುದಿಲ್ಲ.

ಇಡೀ ಪ್ರಕರಣದಲ್ಲಿ ನನಗೆ ಬಹಳ ಇಷ್ಟವಾದ ತೀರ್ಮಾನ ಇದು. ಏನೂ ಬಿಚ್ಚದೆ ಎಷ್ಟು ತಿಳಿಯಬಹುದೋ ಅಷ್ಟೇ ತಿಳಿಯುವುದು.

ಲೈನಿಂಗ್ ಕೆಳಅಂಚಿನಲ್ಲಿ ಒಂದು ಗೇಣು ತಾನಾಗಿಯೇ ಬಿಟ್ಟಿತ್ತು. ಅಲ್ಲಿಂದ ಪೆನ್ನಿನ ದಪ್ಪದ ಕ್ಯಾಮೆರಾ ತೂರಿಸಿದೆವು. ಕಸೂತಿ ಮಾಡಿದವರಿಗೆ ಗೊತ್ತು, ಮುಂಭಾಗ ಎಷ್ಟು ಬೇಕಾದರೂ ಸುಳ್ಳು ಹೇಳುತ್ತದೆ, ಹಿಂಭಾಗ ಹೇಳುವುದಿಲ್ಲ. ಧಾರವಾಡದ ಕಸೂತಿಯಲ್ಲಿ ಹಿಂದೆ ಮುಂದೆ ಒಂದೇ ರೀತಿ ಕಾಣುವ ಹೊಲಿಗೆ ಇದೆ. ಚೀನೀ ನಿಲುವಂಗಿಗೆ ಅದರ ಅಗತ್ಯ ಇಲ್ಲ, ಲೈನಿಂಗ್ ಮುಚ್ಚುತ್ತದೆ. ಹಿಂಭಾಗದಲ್ಲಿ ಮೋಡಗಳ ಎಳೆಗಳು ಮುಗಿದು ಗಂಟು ಬಿದ್ದಿದ್ದವು. ಆ ಗಂಟುಗಳ ಮೇಲೆ ಹಾದುಹೋಗಿದ್ದು ಚಿಹ್ನೆಗಳ ಎಳೆ. ಅಂದರೆ ಮೋಡ ಮೊದಲು, ಚಿಹ್ನೆ ಆಮೇಲೆ. ಕೊಡಲಿಯ ಅಡಿಯಲ್ಲಿ ಅರ್ಧ ಮೋಡವೇ ಹೂತುಹೋಗಿತ್ತು. ಅಂಚಿನ ಉದ್ದಕ್ಕೂ ಲೈನಿಂಗ್ ಅನ್ನು ಒಮ್ಮೆ ಬಿಚ್ಚಿ ಬೇರೆ ನೂಲಿನಿಂದ ಮತ್ತೆ ಹೊಲಿದದ್ದೂ ಕಂಡಿತು.

ಬಣ್ಣದ ವಿಷಯ ಸ್ವಲ್ಪ ಜಟಿಲ. ನೇರಳಾತೀತ ದೀಪ ಹಿಡಿದಾಗ ಕೆಲವು ಗುಲಾಬಿ ಎಳೆಗಳು ಕಿತ್ತಳೆಯಾಗಿ ಹೊಳೆದವು. ಒಬ್ಬ ವಿದ್ಯಾರ್ಥಿ ರಾಸಾಯನಿಕ ಬಣ್ಣ ಸಿಕ್ಕಿತು ಅಂತ ಕುಣಿದಾಡಿದ. ಆದರೆ ಕುಸುಬೆ ಹೂವಿನ ಕೆಂಪೂ ಹಾಗೆಯೇ ಹೊಳೆಯುತ್ತದೆ. ಹೌದು, ನಮ್ಮ ಉತ್ತರ ಕರ್ನಾಟಕದ ಹೊಲದಲ್ಲಿ ಎಣ್ಣೆಗಾಗಿ ಬೆಳೆಯುವ ಅದೇ ಕುಸುಬೆ. ಚೀನಾದಲ್ಲಿ ಅದರ ಹೂವಿನಿಂದ ರೇಷ್ಮೆಗೆ ಕೆಂಪು, ಗುಲಾಬಿ ಕೊಡುತ್ತಿದ್ದರು. ಬರೀ ಹೊಳಪು ನೋಡಿ ಹೇಳುವಂತಿಲ್ಲ.

ಆಗ ವಿಶ್ವವಿದ್ಯಾಲಯದಲ್ಲಿ ಇರುವುದರ ಲಾಭ ಗೊತ್ತಾಯಿತು. ರಸ್ತೆ ದಾಟಿದರೆ ರಸಾಯನಶಾಸ್ತ್ರ ವಿಭಾಗ. ಹಿಂಭಾಗದಲ್ಲಿ ಸಡಿಲವಾಗಿ ನೇತಾಡುತ್ತಿದ್ದ ಎಳೆಗಳಿಂದ ಕೆಲವೇ ಮಿಲಿಮೀಟರ್ ತೆಗೆದು ಕೊಟ್ಟೆವು. ಡ್ರ್ಯಾಗನ್, ಮೋಡಗಳ ಎಳೆಯಲ್ಲಿ ನೀಲಿ ಗಿಡದ ಬಣ್ಣ, ಕುಸುಬೆ, ಸಪ್ಪಂಗ ಮರದ ಕೆಂಪು, ಹೀಗೆ ಸಸ್ಯಮೂಲದವೇ. ಹಕ್ಕಿ, ಬೆಂಕಿಯ ನೇರಳೆಯಲ್ಲಿ ಕಾರ್ಖಾನೆಯ ರಾಸಾಯನಿಕ ಬಣ್ಣ. ಇಂಗ್ಲೆಂಡಿನ ವಿಲಿಯಂ ಪರ್ಕಿನ್ 1856ರಲ್ಲಿ ಮೊದಲ ರಾಸಾಯನಿಕ ನೇರಳೆ ಮಾಡಿದ ಮೇಲೆ ಇಂಥ ಬಣ್ಣಗಳು ಜಗತ್ತಿನ ಪೇಟೆಗಳಿಗೆ ಹರಡಿದವು, ಚೀನಾಕ್ಕೂ ಬಂದವು. ಆದರೆ ನಿಲುವಂಗಿಯೇ 19ನೇ ಶತಮಾನದ ಕೊನೆಯದು. ಹಾಗಾಗಿ ಬಣ್ಣ ಒಂದನ್ನೇ ಹಿಡಿದು ವಾದ ಮಾಡಲು ಬರುವುದಿಲ್ಲ. ಗಂಟು, ಹೂತ ಮೋಡ, ಮರುಹೊಲಿಗೆ, ತಪ್ಪು ಹೆಗಲು, ಇವುಗಳ ಜೊತೆ ಇಟ್ಟಾಗ ಮಾತ್ರ ಅದಕ್ಕೆ ತೂಕ.

ಆಲ್ಬಮ್

ಎಲ್ಲ ಫೋಟೊ ತಗೊಂಡು ದಾನಿಯ ಮಗಳ ಮನೆಗೆ ಹೋದೆವು. ವರದಿ ಓದಿ ಹೇಳುವ ಬದಲು ಹಿಂಭಾಗದ ಚಿತ್ರಗಳನ್ನು ಅವರ ಮುಂದೆ ಇಟ್ಟೆವು. ಅವರು ಬಹಳ ಹೊತ್ತು ನೋಡಿದರು. ಎದ್ದುಹೋಗಿ ಒಂದು ಆಲ್ಬಮ್ ತಂದರು. ಪೀಕಿಂಗ್‌ನ ಅವರ ಅಜ್ಜಿಯ ಮನೆ, ಗೋಡೆಯ ಮೇಲೆ ಇದೇ ನಿಲುವಂಗಿ. ದೊಡ್ಡದು ಮಾಡಿ ನೋಡಿದರೆ ಹೆಗಲ ಮೇಲೆ ಎರಡು ದುಂಡು ಕಲೆ, ಸೂರ್ಯ ಮತ್ತು ಚಂದ್ರ. ಅಂದರೆ ಕೊಂಡಾಗಲೇ ಚಿಹ್ನೆ ಇದ್ದವು. ಅಜ್ಜಿ ಸುಳ್ಳು ಹೇಳಿರಲಿಲ್ಲ. ಅಂಗಡಿಯವನ ಮಾತು ನಂಬಿದ್ದರು, ಅಷ್ಟೇ.

"ಹಾಗಾದರೆ ಮೋಸ ಹೋದವಳು ಅಜ್ಜಿ" ಅಂದರು. ಸ್ವಲ್ಪ ನಕ್ಕರು ಕೂಡ. ಪ್ರಕರಣ ತಿರುಗಿದ್ದು ಅಲ್ಲಿ. ಆ ಫೋಟೊವನ್ನು ಪ್ರದರ್ಶನಕ್ಕೆ ಕೊಡುತ್ತೇನೆ ಅಂತ ಅವರೇ ಹೇಳಿದರು. ನಾವು ಕೇಳಿರಲಿಲ್ಲ. ಮೊದಲೇ ಹೋಗಿ ಕೇಳಿದ್ದರೆ ಆ ಆಲ್ಬಮ್ ಮೊದಲೇ ಸಿಗುತ್ತಿತ್ತು, ಲ್ಯಾಬಿಗಿಂತ ಮುಂಚೆ.

ಹಾಳಾದ ನಿಲುವಂಗಿ

ಈ ಮಧ್ಯೆ ಇನ್ನೊಂದು ನಡೆಯಿತು. ಡ್ರಾಯರ್‌ಗಳನ್ನು ಹುಳಕ್ಕಾಗಿ ತಪಾಸಿಸುವ ಕೆಲಸಕ್ಕೆ ಹೊರಗಿನಿಂದ ಒಬ್ಬ ಹುಡುಗ ಬರುತ್ತಿದ್ದ. ಟಿಬೆಟನ್. ಅನುಮಾನ ಬಂದ ಉಣ್ಣೆ ಬಟ್ಟೆಗಳನ್ನು ಪ್ಲಾಸ್ಟಿಕ್‌ನಲ್ಲಿ ಗಾಳಿಯಾಡದ ಹಾಗೆ ಮುಚ್ಚಿ, ಮೈನಸ್ 20 ಡಿಗ್ರಿ ಫ್ರೀಜರ್‌ನಲ್ಲಿ ವಾರಗಟ್ಟಲೆ ಇಡುವುದು ಅವನ ಜವಾಬ್ದಾರಿ. ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿಸಿಕೊಂಡು ಒಂದು ದಿನ "ಅಕ್ಕಾ, ನಿಮ್ದು ಯಾವೂರು?" ಅಂತ ಅಚ್ಚ ಕನ್ನಡದಲ್ಲಿ ಕೇಳಿದ. ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. ಹುಟ್ಟಿ ಬೆಳೆದದ್ದು ಬೈಲಕುಪ್ಪೆಯಲ್ಲಿ.

ಕೆಳಗಿನ ಡ್ರಾಯರ್ ಎಳೆದಾಗ ಅವನು ಚೀಟಿ ಓದಿದ. "ಇದು ಹಾಳಾಗಿಲ್ಲ ಅಕ್ಕಾ. ಇದು ಛುಪಾ" ಅಂದ.

ಛುಪಾ ಅಂದರೆ ಟಿಬೆಟನ್ನರ ಅಗಲವಾದ ನಿಲುವಂಗಿ. ಸೊಂಟದಲ್ಲಿ ಎತ್ತಿ ಕಟ್ಟಿಕೊಳ್ಳುತ್ತಾರೆ, ತೋಳು ಕೈಗಿಂತ ಉದ್ದ. ಚೀನೀ ದರ್ಬಾರಿನಿಂದ ಟಿಬೆಟ್‌ನ ಮಠಗಳಿಗೆ, ದೊಡ್ಡ ಮನೆತನಗಳಿಗೆ ರೇಷ್ಮೆ ಉಡುಗೊರೆಯಾಗಿ ಹೋಗುತ್ತಿತ್ತು. ಅಲ್ಲಿಯವರು ಅದನ್ನು ತಮ್ಮ ಅಳತೆಗೆ ಕತ್ತರಿಸಿ ಹೊಲಿದುಕೊಂಡರು. ಡ್ರ್ಯಾಗನ್‌ನ ತಲೆ ಒಂದು ಕಡೆ, ಬಾಲ ಇನ್ನೊಂದು ಕಡೆ ಹೋದರೆ ಅವರಿಗೇನು? ಬೆಚ್ಚಗಿರಬೇಕು, ಹಬ್ಬಕ್ಕೆ ಚಂದ ಕಾಣಬೇಕು. ಇಂದಿಗೂ ಗೊಂಪಾಗಳಲ್ಲಿ, ಅಂದರೆ ಟಿಬೆಟನ್ ಮಠಗಳಲ್ಲಿ, ಬಳಸುವ ಜರಿ ರೇಷ್ಮೆ ಬನಾರಸ್‌ನಲ್ಲಿ ನೇಯ್ದು ಬರುತ್ತದೆ, ವಿನ್ಯಾಸ ಹಳೆಯ ಚೀನೀ ರೇಷ್ಮೆಯದ್ದೇ.

ಆ ಬಟ್ಟೆಯನ್ನು ಮತ್ತೆ ಮೇಜಿನ ಮೇಲೆ ಹರಡಿದೆವು. ತುಂಡುಗಳನ್ನು ಮನಸ್ಸಿನಲ್ಲೇ ಜೋಡಿಸಿದರೆ ಎದೆಯಿಂದ ಹೆಗಲಿಗೆ ಸುತ್ತಿದ ಒಂದೇ ಭಾರೀ ಡ್ರ್ಯಾಗನ್. ಒಂಬತ್ತು ಚಿಕ್ಕ ಡ್ರ್ಯಾಗನ್‌ಗಳ ಅಚ್ಚುಕಟ್ಟಿನ ಜೋಡಣೆ ರೂಢಿಗೆ ಬರುವ ಮೊದಲಿನ ಶೈಲಿ ಅದು, ಚಿಂಗ್ ಆಳ್ವಿಕೆಯ ಶುರುವಿನದು. ಅಂದರೆ ನಮ್ಮ ಪೋಸ್ಟರ್‌ನ ರಾಜನಿಗಿಂತ ಇದು ಬಹಳ ಹಳೆಯದು, ಬಹಳ ಅಪರೂಪದ್ದು. ಇಷ್ಟು ವರ್ಷ 'ಬೇಡ' ಅನ್ನುವ ಚೀಟಿ ಹೊತ್ತು ಕೆಳಗೆ ಬಿದ್ದಿತ್ತು. ಒಂದನ್ನು ಮಾರಲು ಬದಲಿಸಿದ್ದರು, ಅದನ್ನು ನಾವು ಪೂಜಿಸಿದೆವು. ಇನ್ನೊಂದನ್ನು ತೊಡಲು ಬದಲಿಸಿದ್ದರು, ಅದನ್ನು ಹಾಳು ಅಂದೆವು.

ಪ್ರದರ್ಶನ, ಮತ್ತು ಆಮೇಲೆ

ಪೋಸ್ಟರ್ ಮೇಲೆ ಕೊನೆಗೆ ಯಾವ ನಿಲುವಂಗಿಯೂ ಬರಲಿಲ್ಲ. ಎಳೆ, ಗಂಟುಗಳ ಹಿಂಭಾಗದ ಫೋಟೊ ಬಂತು. ಎರಡು ಬಟ್ಟೆಗಳನ್ನೂ ಅಕ್ಕಪಕ್ಕ ಓರೆ ಹಲಗೆಯ ಮೇಲೆ ಮಲಗಿಸಿದೆವು. ಗೊಂಬೆಗೆ ತೊಡಿಸಿದ್ದರೆ ಹೆಗಲು ಇನ್ನೂ ಸೀಳುತ್ತಿತ್ತು. ಬೆಳಕು 50 ಲಕ್ಸ್, ಮೂರು ತಿಂಗಳು ಮಾತ್ರ. ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಇರುತ್ತದೆ, ಲೆಕ್ಕ ಹಾಕಿಕೊಳ್ಳಿ. ಕತ್ತಲೆ ಜಾಸ್ತಿ ಆಯಿತು ಅಂತ ನೋಡಲು ಬಂದ ಹಲವರು ಗೊಣಗಿದರು. ಚಕ್ರವರ್ತಿಯ ಬಟ್ಟೆ ಎಲ್ಲಿ ಅಂತ ಕೇಳಿ ಬೇಜಾರಾದವರೂ ಇದ್ದರು. ಆದರೆ ಜನ ಹೆಚ್ಚು ಹೊತ್ತು ನಿಂತದ್ದು ಅಜ್ಜಿಯ ಫೋಟೊ ಮುಂದೆ.

ಈಗ ಹೊಸ ವಸ್ತು ಬಂದರೆ ಅಲ್ಲಿ ಮನೆಯವರ ಮಾತು ಒಂದು ಕಾಲಂ, ಬಟ್ಟೆಯಲ್ಲಿ ಕಂಡದ್ದು ಇನ್ನೊಂದು ಕಾಲಂ. ಎರಡನ್ನೂ ಬೆರೆಸುವುದಿಲ್ಲ, ಯಾವುದನ್ನೂ ಅಳಿಸುವುದಿಲ್ಲ. ಬದಲಾವಣೆಗೆ ತಾರೀಕು, ಹೆಸರು ಇರಲೇಬೇಕು. 'ಹಾಳಾಗಿದೆ' ಅಂತ ಬರೆಯುವ ಮೊದಲು ಯಾರು, ಯಾಕೆ ಕತ್ತರಿಸಿದರು ಅಂತ ಒಂದು ಸಾಲು ಬರೆಯಬೇಕು. ಬೀರುವಿನ ಚೀಟಿಗಳನ್ನು ವರ್ಷಕ್ಕೊಮ್ಮೆ ಹೊರಗಿನವರು ಯಾರಾದರೂ ಓದಬೇಕು ಅನ್ನುವುದು ನನ್ನ ಸಲಹೆ. ಅದನ್ನು ಇನ್ನೂ ಒಪ್ಪಿಲ್ಲ.

ಪ್ರದರ್ಶನ ಮುಗಿದ ಮೇಲೆ ಎರಡನ್ನೂ ಆಮ್ಲವಿಲ್ಲದ ಕಾಗದದಲ್ಲಿ ಮಲಗಿಸಿದೆವು. ರೇಷ್ಮೆಗೆ ಸುಣ್ಣದಂಶ ಸೇರಿಸಿದ ಕಾಗದ ಆಗಿಬರುವುದಿಲ್ಲ, ಬರೀ ತಟಸ್ಥ ಕಾಗದ ಬೇಕು. ಮಡಿಕೆ ಬೀಳುವಲ್ಲಿ ಕಾಗದದ ಸುರುಳಿ ಇಟ್ಟೆವು. ಪಟ್ಟಿಯಲ್ಲಿ 'ಮಡಿಕೆ ಬದಲಿಸಿದ ದಿನ' ಅಂತ ಒಂದು ಕಾಲಂ ನಾನು ಸೇರಿಸಿದೆ. ಅದು ಅಮ್ಮನದು. ವರ್ಷಕ್ಕೊಮ್ಮೆ ಮೈಸೂರು ರೇಷ್ಮೆ ಸೀರೆಗಳನ್ನು ಟ್ರಂಕಿನಿಂದ ತೆಗೆದು, ನೆರಳಲ್ಲಿ ಗಾಳಿಗೆ ಹಾಕಿ, ಬೇರೆ ಮಡಿಕೆಗೆ ಮಡಚಿ ಇಡುತ್ತಿದ್ದಳು. ಸಂರಕ್ಷಕಿ ಆ ಕಾಲಂ ನೋಡಿ, ಇದನ್ನು ಯಾವ ಕೋರ್ಸ್‌ನಲ್ಲಿ ಕಲಿತೆ ಅಂತ ಕೇಳಿದರು.

ಛುಪಾ ಈಗ ಮಧ್ಯದ ಡ್ರಾಯರ್‌ನಲ್ಲಿದೆ, ಬಗ್ಗದೆ ಎಳೆಯುವ ಎತ್ತರದಲ್ಲಿ. ಅದು ಟಿಬೆಟ್‌ನಿಂದ ಹೇಗೆ ಹೊರಬಂತು ಅನ್ನುವ ಕಾಲಂ ಖಾಲಿ, ಹುಡುಕಾಟ ನಡೆದಿದೆ. ನೀಲಿ ನಿಲುವಂಗಿ ಅದರ ಪಕ್ಕದಲ್ಲೇ. ಪೆಟ್ಟಿಗೆಯ ಚೀಟಿ: 'ಅಧಿಕಾರಿಯ ಜಿಫು, 19ನೇ ಶತಮಾನದ ಕೊನೆ. ಚಿಹ್ನೆಗಳು ಆಮೇಲೆ ಸೇರಿದ್ದು. ಐದು ವರ್ಷ ಹೊರಗೆ ತೆಗೆಯಬೇಡಿ.'